ರೀಲಿಗೆ ಒಂದು ಯೂನಿಟ್

ನಮ್ಮ ಚಿಕ್ಕಮ್ಮ ಟೈಲರ್. ಅವಳು ಹೊಲಿದ ಸ್ಕೂಲ್ ಯೂನಿಫಾರಂ ಬಿಗಿಯಾದರೆ ಮಕ್ಕಳ ತಾಯಂದಿರು ಹೊಸದು ತರುತ್ತಿರಲಿಲ್ಲ, ಹೊಲಿಗೆ ಬಿಚ್ಚಿಸುತ್ತಿದ್ದರು. ಅಷ್ಟು ಧಾರಾಳವಾಗಿ ಒಳಗೆ ಬಟ್ಟೆ ಬಿಡುತ್ತಿದ್ದಳು. ಅಳತೆ ಎಷ್ಟೇ ಇರಲಿ, ಟೇಪಿನ ಮೇಲೆ ಅವಳ ಬೆರಳು ಒಂದಿಷ್ಟು ಮುಂದಕ್ಕೆ ಜಾರಿಯೇ ಜಾರುತ್ತಿತ್ತು. ಹೆಚ್ಚಾದರೆ ಕತ್ತರಿಸಬಹುದು, ಕಡಿಮೆಯಾದರೆ ಎಲ್ಲಿಂದ ತರೋದು ಎನ್ನುತ್ತಿದ್ದಳು.

ಅವಳ ಮಿಷನ್ ಪಕ್ಕದ ಚಿಂದಿ ಬುಟ್ಟಿಯಲ್ಲಿ ಮಲಗುವ ಗಂಡುಬೆಕ್ಕು ರೀಲು. ಅವನಿಗೆ ಸಕ್ಕರೆ ಕಾಯಿಲೆ ಎಂದಾಗ, ತಿನ್ನೋದು ಮೀನು, ಬಂದಿದ್ದು ಸಕ್ಕರೆ ಎಂದು ಚಿಕ್ಕಪ್ಪ ನಕ್ಕರು. ಚಿಕ್ಕಮ್ಮ ನಗಲಿಲ್ಲ. ಬೆಳಿಗ್ಗೆ ಸಂಜೆ ಊಟವಾದ ಮೇಲೆ ಒಂದೊಂದು ಯೂನಿಟ್ ಇನ್ಸುಲಿನ್, ತಿನ್ನದೇ ಇದ್ದರೆ ಚುಚ್ಚದೆ ತನಗೆ ಫೋನ್ ಮಾಡಬೇಕು ಎಂದು ಪ್ರಾಣಿಗಳ ಕ್ಲಿನಿಕ್ಕಿನ ಡಾಕ್ಟರಮ್ಮ ಹೇಳಿ ಕಳಿಸಿದರು.

ಮೆಡಿಕಲ್ ಶಾಪಿನಲ್ಲಿ ಸಿರಿಂಜು ಆರಿಸುವಾಗ ಚಿಕ್ಕಮ್ಮ ದಪ್ಪಗಿನದನ್ನೇ ಎತ್ತಿಕೊಂಡಳು, ಅಂಕಿ ದೊಡ್ಡದಾಗಿ ಕಾಣುತ್ತದೆಂದು. ಅದರಲ್ಲಿ ಒಂದು ಗೆರೆಗೆ ಎರಡು ಯೂನಿಟ್. ಒಂದೇ ಯೂನಿಟ್ ಬೇಕೆಂದರೆ ಗೆರೆಯ ಅರ್ಧಕ್ಕೆ ಅಂದಾಜು ಮಾಡಬೇಕು. ಅಂದಾಜು ಎಂದ ಮೇಲೆ ಅವಳ ಬೆರಳು ಸುಮ್ಮನಿರುತ್ತದೆಯೇ? ಒಂದು ನೂಲಿನಷ್ಟು ಮುಂದೆ ಹೋಯಿತು. ಬಟ್ಟೆಯಲ್ಲಿ ಲೆಕ್ಕಕ್ಕೇ ಬಾರದ ಆ ನೂಲು ಇಲ್ಲಿ ಔಷಧಿಯನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿತ್ತು.

ಒಂದು ಮಧ್ಯಾಹ್ನ ರೀಲು ತೂರಾಡುತ್ತಾ ಬಂದು ಮಿಷನ್ ಬುಡದಲ್ಲಿ ಕುಸಿದ. ನಮಗೆಲ್ಲ ಜೀವ ಬಾಯಿಗೆ ಬಂತು. ಡಾಕ್ಟರಮ್ಮ ಫೋನಿನಲ್ಲಿ ಹೇಳಿದಂತೆ ಅವನ ವಸಡಿಗೆ ಜೇನು ಸವರಿ ಕ್ಲಿನಿಕ್ಕಿಗೆ ಓಡಿದೆವು. ಅವನು ಉಳಿದುಕೊಂಡ. ಡಾಕ್ಟರಮ್ಮ ನಾವು ಒಯ್ದಿದ್ದ ಸಿರಿಂಜನ್ನು ನೋಡುತ್ತಲೇ ಮುಖ ಗಂಟಿಕ್ಕಿದರು. ಇನ್ನೊಮ್ಮೆ ಹೀಗಾದರೆ ಬದುಕುವುದಿಲ್ಲ, ಚುಚ್ಚುವ ಕೆಲಸ ಬೇರೆ ಯಾರಿಗಾದರೂ ವಹಿಸಿ ಎಂದರು. ಚಿಕ್ಕಪ್ಪನೂ ಹೌದೆಂದು ತಲೆಯಾಡಿಸಿದರು.

"ಇಲ್ಲ ಡಾಕ್ಟ್ರೇ," ಎಂದಳು ಚಿಕ್ಕಮ್ಮ. "ತಪ್ಪು ಮಾಡಿದ ಕೈಯೇ ಸರಿ ಮಾಡ್ಲಿ. ಯಾವ ಸಿರಿಂಜು ಅಂತ ತೋರ್ಸಿ, ನಾನು ಕಲೀತೀನಿ."

ಅವರು ತೆಳ್ಳಗಿನ, ಅರ್ಧ ಯೂನಿಟ್ಟಿಗೂ ಗೆರೆಯಿರುವ ಸಿರಿಂಜು ತೋರಿಸಿದರು. ಔಷಧಿ ಎಷ್ಟು ಗಾಢ ಎಂದು ತಿಳಿಸುವ ಅಂಕಿ ಬಾಟಲಿಯ ಮೇಲೆ ನೂರು ಎಂದಿದ್ದರೆ ಸಿರಿಂಜಿನ ಮೇಲೂ ನೂರೇ ಇರಬೇಕೆಂದರು. ಆಮೇಲೆ ನಮ್ಮ ಮನೆಯಲ್ಲಿ ಬಣ್ಣದ ನೀರಿನ ಕಾಟ ಶುರುವಾಯಿತು. ಲೋಟದಿಂದ ಸಿರಿಂಜಿಗೆ ಎಳೆಯುವಳು, ಗುಳ್ಳೆ ಹೋಗಲೆಂದು ಬೆರಳಲ್ಲಿ ತಟ್ಟುವಳು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುವಳು, ಚೆಲ್ಲಿ ಮತ್ತೆ ಎಳೆಯುವಳು. ಚಿಕ್ಕಪ್ಪ ಭೂತಗನ್ನಡಿ ಹಿಡಿದು ಪರೀಕ್ಷಿಸಿ, "ನೂಲಿನಷ್ಟು ಜಾಸ್ತಿ," ಎಂದು ರೇಗಿಸುವರು. ಚಿಕ್ಕಮ್ಮ ಅದನ್ನೂ ಚೆಲ್ಲುವಳು. ಜಪ್ಪಯ್ಯ ಎಂದರೂ ಬಿಡಲಿಲ್ಲ. ಕೊನೆಗೆ ಡಾಕ್ಟರಮ್ಮನ ಎದುರಿಗೇ ಒಂದು ಯೂನಿಟ್ ಎಳೆದು ತೋರಿಸಿ, ಅವರಿಂದ ಸರಿ ಎನ್ನಿಸಿಕೊಂಡೇ ಬಂದಳು. ಅಷ್ಟು ವರ್ಷದ ಕೈರೂಢಿಯನ್ನು ಅವಳು ಹೀಗೆ ಬಿಚ್ಚಿ ಹಾಕಿದ್ದು ನೋಡಿ ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು.

ಅದಾಗಿ ಎಷ್ಟೋ ದಿನ ಎಲ್ಲ ಸಲೀಸಾಗಿ ನಡೆಯಿತು. ಒಂದು ಬೆಳಿಗ್ಗೆ ಚಿಕ್ಕಮ್ಮ ಸಿರಿಂಜು ತುಂಬಿಸಿ ತಿರುಗಿದರೆ, ರೀಲು ತಟ್ಟೆ ಮೂಸಿ ಹಾಗೇ ಹೋಗಿ ಬುಟ್ಟಿಯಲ್ಲಿ ಮಲಗಿದ್ದ. ತುಂಬಿದ್ದನ್ನು ಹಾಳು ಮಾಡಬೇಡ, ಇನ್ನೇನು ತಿಂತಾನೆ, ಅರ್ಧವಾದರೂ ಚುಚ್ಚು ಎಂದು ಚಿಕ್ಕಪ್ಪ ಒತ್ತಾಯಿಸಿದರು. ಹಿಂದಿನ ಚಿಕ್ಕಮ್ಮನಾಗಿದ್ದರೆ ಏನು ಮಾಡುತ್ತಿದ್ದಳೋ.

ಅವಳು ಅಷ್ಟನ್ನೂ ಸಿಂಕಿಗೆ ಚೆಲ್ಲಿ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಆಮೇಲೆ ಬುಟ್ಟಿಯ ಪಕ್ಕ ನೆಲದ ಮೇಲೇ ಕುಳಿತು ಅವನ ಬೆನ್ನು ಸವರತೊಡಗಿದಳು. ಚಿಕ್ಕಪ್ಪ ಇನ್ನೂ ಗೊಣಗುತ್ತಲೇ ಇದ್ದರು.

"ಇವತ್ತಿನ ಅಳತೆ ಸೊನ್ನೆ ಕಣ್ರೀ," ಎಂದಳು. "ಸೊನ್ನೆ ಅಂದ್ರೆ ಸೊನ್ನೆ. ಅದರಲ್ಲಿ ಒಳಗೆ ಬಿಡೋಕೆ ಏನೂ ಇಲ್ಲ."