ಕೊಟ್ಟೂ ಕೊಟ್ಟೂ ಕಾಡಿದ ಅತ್ತೆ

ನಮ್ಮ ಅತ್ತೆಯವರ ಕಿವಿಯ ತೂತಿನಲ್ಲಿ ಬೇವಿನ ಕಡ್ಡಿ ಇರುತ್ತಿತ್ತು. ಬೆಂಡೋಲೆಯ ಭಾರಕ್ಕೆ ಜೋತುಬಿದ್ದ ಕಿವಿ, ಅದರಲ್ಲಿ ಓಲೆಯ ಬದಲು ಕಡ್ಡಿಯ ತುಂಡು. ಮಧುಗಿರಿಯಲ್ಲಿ ಹುಣಿಸೆ ಮಂಡಿ ಇಟ್ಟಿದ್ದ ಮನೆಯ ಯಜಮಾನಿ ಹೀಗೆ ಓಡಾಡಿದರೆ ಜನ ಏನಂದುಕೊಂಡಾರು? ಮಂಡಿ ಮುಳುಗಿತು ಎಂದೇ ಅಂದುಕೊಂಡರು. ಮಾವನವರು ತಲೆ ಚಚ್ಚಿಕೊಂಡು ಹೊಸ ಓಲೆ ಮಾಡಿಸಿದರು. ಅದೂ ಯಾವುದೋ ಹುಡುಗಿಯ ಮದುವೆಗೆ ಹೋಯಿತು. ಕೇಳಿದರೆ, "ಕಡ್ಡೀನೇ ಹಗೂರ, ಕಿವಿ ಎಳೆಯಾಕಿಲ್ಲ" ಎಂದು ಉತ್ತರ.

ಇಂಥ ಮನೆಗೆ ನಾನು ಶಿರಾದಿಂದ ಸೊಸೆಯಾಗಿ ಬಂದೆ. ಬಂದ ವರ್ಷದ ದೀಪಾವಳಿಯಲ್ಲೇ ಗೊತ್ತಾಯಿತು, ಆ ಮನೆಯಲ್ಲಿ ಹಬ್ಬವೆಂದರೆ ಹಸಿವು. ನಸುಕಿಗೇ ಎದ್ದು ನೋಮಿನ ಪೂಜೆಗೆ ಕಜ್ಜಾಯ ಸುಡಬೇಕು, ಸುಟ್ಟದ್ದನ್ನು ಮುಟ್ಟಬಾರದು. ಪೂಜೆ ಮುಗಿಯುತ್ತಲೇ ಮನೆಯವರೆಲ್ಲ ಒಂದೊಂದು ಕುಕ್ಕೆ ಹಿಡಿದು ಇಲ್ಲದವರ ಮನೆಗಳಿಗೆ ಹೊರಡಬೇಕು. ಆಳಿನ ಕೈಲಿ ಕಳಿಸುವಂತಿಲ್ಲ. ಮಾವನವರೂ ಹೋಗಬೇಕು, ಹೈಸ್ಕೂಲು ಓದಿದ ನನ್ನ ಗಂಡನೂ ಹೋಗಬೇಕು. ಹೋದರೆ ಸಾಲದು, ಬಾಗಿಲಲ್ಲಿ ನಿಂತು ಮಾತಾಡಿಸಿ, "ತಗೊಂಡಿದ್ದಕ್ಕೆ ನಿಮಗೆ ಪುಣ್ಯ ಬರ್ಲಿ" ಎಂದು ಹೇಳಿ ಬರಬೇಕು. ಕೊಟ್ಟವರು ನಾವು, ಪುಣ್ಯ ಅವರಿಗಂತೆ!

ಮಾವನವರು ಒಮ್ಮೆ ಹತ್ತಿರದ ಮನೆಯೊಂದರ ಜಗಲಿಯ ಮೇಲೆ ಕುಕ್ಕೆ ಸುರಿದು ಬೇಗ ಬಂದುಬಿಟ್ಟರು. ಅತ್ತೆ ಬಾಗಿಲಲ್ಲೇ ತಡೆದರು.

"ಆ ಮುದುಕಪ್ಪನ ಕೆಮ್ಮು ಹೆಂಗೈತೆ?"

"ನನಗೇನು ಗೊತ್ತು? ಕಜ್ಜಾಯ ಕೊಟ್ಟು ಬಂದೆ."

"ಮಾತಾಡಿಸ್ದೆ ಇಟ್ಟು ಬಂದ್ರೆ ಅದು ನಾಯಿಗೆ ಹಾಕ್ದಂಗೆ. ಇನ್ನೊಂದು ಸಲ ಹೋಗಿ ಬನ್ನಿ."

ಮಂಡಿಯಲ್ಲಿ ದಲ್ಲಾಳಿಗಳನ್ನು ನಡುಗಿಸುತ್ತಿದ್ದ ಮನುಷ್ಯ, ಗೊಣಗುತ್ತ ಮತ್ತೆ ಮೆಟ್ಟು ಮೆಟ್ಟಿಕೊಂಡು ಕೆಮ್ಮು ವಿಚಾರಿಸಲು ಹೋದರು. ನಾವೆಲ್ಲ ಎಲೆಯ ಮುಂದೆ ಕಾದು ಕೂತೆವು. ಕೊನೆಗೆ ನಮ್ಮ ಪಾಲಿಗೆ ಉಳಿದದ್ದು ಸೀದ ಕಜ್ಜಾಯ, ಮುರಿದ ಕಜ್ಜಾಯ. "ತಗೊಳ್ಳೋರು ಇರೋದಕ್ಕೆ ನಮ್ಮದು ಹಬ್ಬ ಅನ್ನಿಸ್ಕೊಂಡೈತೆ. ಇಲ್ದಿದ್ರೆ ಬರೀ ಊಟ ಕಣವ್ವ" ಎಂದು ಅತ್ತೆ ನಗುತ್ತ ಬಡಿಸುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಕಜ್ಜಾಯದವರೆಗೆ ಸಹಿಸಿಕೊಂಡೆ. ಸೀರೆಯದು ಮಾತ್ರ ಆಗಲಿಲ್ಲ.

ಅದು ಎರಡನೇ ಮಹಾಯುದ್ಧದ ಕಾಲ. ನೂಲಿನ ಬಟ್ಟೆಗೇ ಪರದಾಟ. ಅಂಥದರಲ್ಲಿ ಚೊಚ್ಚಲ ಬಾಣಂತನ ಮುಗಿಸಿ ಬಂದ ಮಗಳ ಹಬ್ಬಕ್ಕೆಂದು ನನ್ನಪ್ಪ ಎಲ್ಲಿಂದಲೋ ಬದನೆಕಾಯಿ ಬಣ್ಣದ ರೇಷ್ಮೆ ಸೀರೆ ತರಿಸಿ ಕಳಿಸಿದ್ದರು. ದಿನಕ್ಕೊಮ್ಮೆ ಟ್ರಂಕು ತೆರೆದು ಅದರ ಮೇಲೆ ಕೈಯಾಡಿಸುತ್ತಿದ್ದೆ. ಹಬ್ಬದ ಬೆಳಗ್ಗೆ ಮಿಂದು ಬಂದು ತೆರೆದರೆ ಸೀರೆ ಇಲ್ಲ.

"ಅದಾ? ಬಾಣಂತಿಗೆ ಕೊಟ್ಬುಟ್ಟೆ ಕಣವ್ವ" ಎಂದರು ಅತ್ತೆ, ಬಾಣಲೆಯಿಂದ ಕಣ್ಣೆತ್ತದೆ. "ಮಿಡಿಗೇಶಿ ಕಡೆಯಿಂದ ಕೂಲಿಗೆ ಬಂದು ಕೆರೆ ಹಿಂದೆ ಗುಡಿಸಲು ಹಾಕ್ಕೊಂಡವ್ರಲ್ಲ, ಅವಳಿಗೆ. ಇರೋದು ಒಂದೇ ಸೀರೆ. ಒಗೆದು ಹಾಕಿದ್ರೆ ಒಣಗೋ ತನಕ ಗುಡಿಸಲಿಂದ ಆಚೆ ಬರಂಗಿಲ್ಲ."

"ನಿಮ್ಮ ಸೀರೆ ಕೊಡಬಹುದಿತ್ತಲ್ಲ ಅತ್ತೆ!"

"ನಂದೆಲ್ಲಿ ಉಳಿದಾವೆ? ಉಟ್ಟಿರೋದೊಂದು, ಹಗ್ಗದ ಮ್ಯಾಲಿರೋದೊಂದು."

ಕೂಸನ್ನು ಸೊಂಟಕ್ಕೇರಿಸಿಕೊಂಡು, ಗಂಡ ಕರೆಯುತ್ತಿದ್ದರೂ ತಿರುಗಿ ನೋಡದೆ, ಪೆಟ್ರೋಲ್ ಸಿಗದೆ ಇದ್ದಿಲಿನಲ್ಲೇ ಓಡುತ್ತಿದ್ದ ಶಿರಾದ ಬಸ್ಸು ಹತ್ತಿದೆ. ಬಡವನಹಳ್ಳಿಯಲ್ಲಿ ಇಳಿದು ಡ್ರೈವರು ಬಸ್ಸಿನ ಹಿಂದಿನ ಒಲೆಗೆ ಇದ್ದಿಲು ತುಂಬುವಷ್ಟು ಹೊತ್ತೂ ಅಳುತ್ತಿದ್ದೆ. ಅಪ್ಪ ಕೇಳಿ ಕೆಂಡವಾದರು. "ಹೆಣ್ಣು ಕೊಟ್ಟಿದ್ದು ಮನೆಗಾ, ಧರ್ಮಛತ್ರಕ್ಕಾ? ಇತ್ಯರ್ಥ ಆಗೋ ತನಕ ನೀನು ಹೋಗಬೇಡ" ಎಂದು ಮಾರನೆಯ ದಿನವೇ ಊರ ಹಿರಿಯರನ್ನು ಜಗಲಿಗೆ ಕರೆಸಿದರು. ಕೋಪದಲ್ಲಿ ಬಂದವಳಿಗೆ ಆಗ ಭಯ ಹತ್ತಿತು. ಮಾತು ಇಷ್ಟು ದೂರ ಹೋದರೆ ಹಿಂದಕ್ಕೆ ಬರುವುದೇ?

ಹಿರಿಯರಿನ್ನೂ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ಅತ್ತೆ ಬಂದರು. ಒಬ್ಬರೇ. ಬಸ್ಸಿನ ಹೊಗೆಗೆ ಮುಖವೆಲ್ಲ ಮಸಿ. ಕೈಯಲ್ಲಿದ್ದ ಕುಕ್ಕೆಯಲ್ಲಿ ಕಜ್ಜಾಯ ತಳ ಕಂಡಿತ್ತು, ಉಳಿದದ್ದು ಬಸ್ಸಿನವರ ಹೊಟ್ಟೆ ಸೇರಿತ್ತೆಂದು ನೋಡಿದರೇ ತಿಳಿಯುತ್ತಿತ್ತು. ಅಪ್ಪ ಕೂರಲು ಹೇಳಿದರು. ಅವರು ಕೂರಲಿಲ್ಲ.

"ಬೀಗರೇ, ನಾನು ಕಳ್ಳತನ ಮಾಡಿವ್ನಿ" ಎಂದರು. "ನಂದು ಕೊಟ್ರೆ ದಾನ. ನಿಮ್ಮ ಮಗಳದ್ದು ಅವಳನ್ನ ಕೇಳ್ದೆ ಕೊಟ್ಟಿದ್ದು ಕಳ್ಳತನ. ಅವಳು ಎದ್ದು ಬಂದಿದ್ದು ಸರಿಯಾಗೈತೆ. ತಪ್ಪಾಯ್ತು ಅಂತ ಹೇಳಾಕೆ ಬಂದೆ. ಸೀರೆ ಮಾತ್ರ ವಾಪಸ್ ಕೇಳಾಕೆ ನಂಗೆ ಬಾಯಿ ಬರ್ಲಿಲ್ಲ."

ಅತ್ತೆಯಾದವಳು ಸೊಸೆಯ ತವರಿಗೆ ಬಂದು, ಗಂಡಸರ ಎದುರು ನಿಂತು ತಪ್ಪಾಯ್ತು ಎನ್ನುವುದನ್ನು ಜಗಲಿಯ ಮೇಲಿದ್ದ ಹಿರಿಯರು ಕಂಡಿರಲಿಲ್ಲ. ನಾನೂ ಆಮೇಲೆ ಎಲ್ಲೂ ಕಂಡಿಲ್ಲ. ಅತ್ತೆ ನನ್ನ ಕಡೆ ತಿರುಗಿದರು. "ಬರೋದು ಬಿಡೋದು ನಿನ್ನಿಷ್ಟ ಕಣವ್ವ. ಕೂಸಿಗೆ ಥಂಡಿಯಾಗ್ದಂಗೆ ನೋಡ್ಕೋ."

ಅವರೊಂದಿಗೇ ಹೊರಟೆ. ಟ್ರಂಕಿಗೆ ಬೀಗ ಹಾಕುತ್ತೇನೆಂದು ದಾರಿಯಲ್ಲೇ ಹೇಳಿದೆ. "ಹಾಕು, ನನ್ನ ಕೈ ಮ್ಯಾಲೆ ನಂಗೇ ನಂಬಿಕೆ ಇಲ್ಲ" ಎಂದರು.

ಮಧುಗಿರಿಯಲ್ಲಿ ಇಳಿದವರೇ ನನ್ನನ್ನು ನೇರವಾಗಿ ಆ ಗುಡಿಸಲಿಗೆ ಕರೆದೊಯ್ದರು. ನನ್ನ ರೇಷ್ಮೆ ಸೀರೆ ಸೂರಿನ ಗಳುವಿಗೆ ಜೋಲಿಯಾಗಿ ತೂಗುತ್ತಿತ್ತು. ಒಳಗೆ ಕೂಸು ನಿದ್ದೆ ಹೋಗಿತ್ತು. ತಾಯಿ ಅದೇ ಹಳೆಯ ಹರಕು ಸೀರೆಯಲ್ಲೇ ಇದ್ದಳು. "ಇಂಥದ್ದು ಉಟ್ಕೊಂಡು ಮಣ್ಣು ಹೊರಾಕೆ ಹೋಗಾಕಾಯ್ತದಾ ಅಮ್ಮಾ? ಮಗೀಗೆ ಮೆತ್ತಗಿರ್ತದೆ ಅಂತ ಕಟ್ದೆ" ಎಂದಳು.

ಅತ್ತೆ ಸೀರೆ ನೋಡಿದರು, ನನ್ನ ಮುಖ ನೋಡಿದರು. ನನಗೆ ಕೋಪ ಎಲ್ಲಿಂದಲೋ ಹೊರಟು ನಗುವಾಗಿ ಬಂತು. ಮಾರನೆಯ ದಿನ ನನ್ನದೊಂದು ನೂಲಿನ ಸೀರೆ ತೆಗೆದು ಅವಳಿಗೆ ಕೊಟ್ಟು ಬಂದೆ.

"ನಾನು ಕೇಳ್ಲಿಲ್ಲ ಕಣವ್ವ" ಎಂದರು ಅತ್ತೆ ಗಾಬರಿಯಿಂದ.

"ನೀವು ಕೇಳಲಿಲ್ಲ, ಅದಕ್ಕೇ ಕೊಟ್ಟೆ" ಎಂದೆ.

ಅತ್ತೆಗೆ ಬಾರದಿದ್ದದ್ದು ಒಂದೇ ವಿದ್ಯೆ, ತೆಗೆದುಕೊಳ್ಳುವುದು. ಯಾರೇನು ಕೊಟ್ಟರೂ ಅವರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಬಂದ ದೀಪಾವಳಿಗೆ ಅವರು ಹಾಸಿಗೆ ಹಿಡಿದಿದ್ದರು. ಮಲಗಿದಲ್ಲಿಂದಲೇ ಯಾರು ಯಾವ ಮನೆಗೆ ಎಂದು ಅಪ್ಪಣೆಯಾಯಿತು. ಎಲ್ಲರೂ ಕುಕ್ಕೆ ಹಿಡಿದು ಹೊರಟರು. ನಾನು ಹೋಗಲಿಲ್ಲ. ಬಿಸಿ ಕಜ್ಜಾಯ ಹಾಲಲ್ಲಿ ಕಿವುಚಿಕೊಂಡು ಅವರ ಪಕ್ಕ ಕೂತೆ.

"ನಂಗ್ಯಾಕೆ? ಆಚೆ ಯಾರಿಗಾದ್ರೂ ಕೊಡು" ಎಂದು ಮುಖ ತಿರುಗಿಸಿದರು.

"ತಗೊಳ್ಳೋರಿಗೆ ಪುಣ್ಯ ಅಂತ ಊರಿಗೆಲ್ಲ ಹೇಳಿದ್ದು ಯಾರು? ಬಾಯಿ ತೆಗೀರಿ ಸುಮ್ಮನೆ!" ಎಂದು ಗದರಿದೆ.

ಕೂಸಿನ ಹಾಗೆ ಬಾಯಿ ತೆರೆದರು. ಒಂದೊಂದೇ ತುತ್ತು, ಬಟ್ಟಲು ಬರಿದಾಗುವವರೆಗೂ ತಿಂದರು. ಕಣ್ಣಂಚಿನಲ್ಲಿ ನೀರಿತ್ತು. ಈಗಲಾದರೂ ಒಂದು ಒಳ್ಳೆಯ ಮಾತು ಬರುತ್ತದೆಂದು ಕಾದೆ.

"ಬೆಲ್ಲ ಕಮ್ಮಿ ಆಗೈತೆ" ಎಂದರು. ಆದರೆ ನನ್ನ ಮುಂಗೈ ಹಿಡಿದವರು, ಹೋದವರೆಲ್ಲ ವಾಪಸ್ ಬರುವವರೆಗೂ ಬಿಡಲಿಲ್ಲ.

ಕಾರ್ತಿಕ ಕಳೆಯುವುದರೊಳಗೆ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಅಂಗಳ ತುಂಬ ಜನ. ಗಾಡಿ ಹೊಡೆಯುವವನೊಬ್ಬ ಮಾವನವರ ಮುಂದೆ ಕೂತು, ಒಂದು ಚಳಿಗಾಲ ಅಮ್ಮ ತನಗೆ ಕಂಬಳಿ ಹೊದಿಸಿದ್ದನ್ನು ಹೇಳಿ ಅತ್ತ.

"ಕರೀ ಅಂಚಿಂದಾ?" ಮಾವನವರು ನೆಟ್ಟಗಾದರು. "ಅದು ಕಳುವಾಯ್ತು ಅಂತ ಊರೆಲ್ಲಾ ಹುಡುಕಿಸಿದ್ನಲ್ಲೋ ನಾನು! ಜೊತೆಗೆ ನಿಂತು ಅವಳೂ ಹುಡುಕಿದ್ಲಲ್ಲ!"

ಒಬ್ಬರಿಗೂ ನಗುವ ಧೈರ್ಯವಾಗಲಿಲ್ಲ. ಮಾವನವರೇ ನಕ್ಕರು. ನಗುತ್ತ ನಗುತ್ತ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು, ಕಂಬಕ್ಕೆ ಒರಗಿ ಕೂತರು.

"ಇನ್ನೂ ಏನೇನು ಕೊಟ್ಟವ್ಳೆ, ಎಲ್ಲಾ ಹೇಳ್ರಪ್ಪ" ಎಂದರು. "ಒಬ್ಬೊಬ್ಬರಾಗಿ ಹೇಳ್ರಿ. ನಾನು ಎಲ್ಲಿಗೂ ಹೋಗಾಕಿಲ್ಲ."