ಹಂಗಾಮು ಮುಗಿಯಲೆಂದು ಕಾಯ್ದ ಸಾವಕಾರರು

ಶಿವಪ್ಪ ಸಾವಕಾರರು ಹೊಸ ಮಾಲನ್ನು ಮಾರುತ್ತಿದ್ದರು. ತಮಗಾಗಿ ಎಂದೂ ಕೊಳ್ಳುತ್ತಿರಲಿಲ್ಲ. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದೆ, ನನ್ನ ಪಾತ್ರೆ ಅಂಗಡಿಗೆ ಅಂಟಿಕೊಂಡೇ ಅವರ ಸೀರೆ ಅಂಗಡಿ. ಹಬ್ಬಕ್ಕೆ ಊರಿಗೆಲ್ಲ ಹೊಸ ಸೀರೆ ಉಡಿಸಿ, ದರ ಇಳಿದ ಮೇಲೆ ಉಳಿದದ್ದರಲ್ಲೊಂದನ್ನು ಮನೆಗೆ ಒಯ್ಯುವರು. ಛತ್ರಿಯನ್ನು ಮಳೆ ನಿಂತ ಮೇಲೆ, ಕಂಬಳಿಯನ್ನು ಬೇಸಿಗೆಯಲ್ಲಿ ಕೊಂಡ ಮಹಾನುಭಾವರು. “ಹಂಗಾಮಿನ್ಯಾಗ ಕೊಳ್ಳಾಂವ ಗಿರಾಕಿ, ಹಂಗಾಮು ಮುಗದಮ್ಯಾಲ ಕೊಳ್ಳಾಂವ ಸಾವಕಾರ” ಎಂಬುದು ಅವರ ವೇದಾಂತ.

ಅದಕ್ಕೆ ಭಾಷ್ಯ ಅವರ ಹೆಂಡತಿ ಗಂಗಕ್ಕನದು. “ನನ್ನ ಮಾಡ್ಕೊಂಡಿದ್ದೂ ಮದವಿ ಹಂಗಾಮು ಮುಗದಮ್ಯಾಲನರಿ. ಹಂದರದಾಂವ ಅಗ್ಗಕ್ಕ ಸಿಕ್ಕಿದ್ದ.” ನಗು ಕೆಮ್ಮಾಗಿ, ಕೆಮ್ಮು ಉಬ್ಬಸವಾಗಿ, ಗಂಗಕ್ಕ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಡುವರು.

ಸೀರೆಗೆಂದು ಬಂದ ಡಾಕ್ಟರು ಅದನ್ನು ಕಂಡರು. “ಸಾವಕಾರ್ರ, ಅಕ್ಕಾರಿಗೆ ದಮ್ಮೈತಿ. ಥಂಡಿ ಬೀಳೂದ್ರಾಗ ಫ್ಲೂ ಸೂಜಿ ಮಾಡಸ್ರಿ. ಒಂದು ಸೀರಿ ರೊಕ್ಕ ಹೋಗ್ತೈತಿ. ಜ್ವರಾ ಎದಿಗೆ ಇಳೀತಂದ್ರ ಕಪಾಟ ಖಾಲಿ ಆಗ್ತೈತಿ.”

“ಸೂಜಿ ಮಾಡಿಸಿ ಜ್ವರಾ ಬರಲಿಲ್ಲಂದ್ರ, ಸೂಜಿಯಿಂದ ಬರಲಿಲ್ಲೋ, ಬರೋದ ಇದ್ದಿಲ್ಲೋ, ಹ್ಯಾಂಗ ತಿಳೀಬೇಕ್ರಿ?”

“ಅಂಗಡಿಗೆ ವಿಮಾ ತುಂಬತೀರಲ್ಲ, ಬೆಂಕಿ ಬಿತ್ತೇನು?”

“ಅಂಗಡಿ ಸುಟ್ರ ಹೊಸಾ ಮಾಲ ಬರ್ತೈತ್ರಿ.”

ಏನೂ ಆಗದಿರುವುದೇ ಲಾಭವೆಂಬ ವ್ಯಾಪಾರ ಅವರ ಗಾದಿಯ ಮೇಲೆ ಎಂದೂ ನಡೆದಿರಲಿಲ್ಲ. “ಮಾಡಿಸೇಬಿಡೂಣಲ್ಲ” ಎಂದು ಗಂಗಕ್ಕನೇ ಬಾಯಿಬಿಟ್ಟಾಗ ಒಪ್ಪಿದರು, ಒಂದು ಷರತ್ತಿನ ಮೇಲೆ. “ಈಗ ಎಲ್ಲಾರೂ ಕೇಳ್ತಾರ, ದರ ಏರಿರ್ತೈತಿ. ಥಂಡಿ ಮುಗೀಲಿ. ಉಳದ ಮಾಲು ಅರ್ಧಕ್ಕ ಕೊಡ್ತಾರ.”

ಥಂಡಿಗೆ ಅಷ್ಟು ತಾಳ್ಮೆ ಇರಲಿಲ್ಲ. ಜ್ವರ ಬಂದು ಎದೆಗಿಳಿಯಿತು. ಗದಗಿನ ಆಸ್ಪತ್ರೆಯಲ್ಲಿ ಸಾವಕಾರರು ಮೊದಲ ಬಾರಿ ಚೌಕಾಸಿಯಿಲ್ಲದೆ ಕೇಳಿದಷ್ಟು ಕೊಟ್ಟರು. ಗಂಗಕ್ಕನನ್ನು ಹೆಣವಾಗಿ ತಂದರು.

ಪದ್ಧತಿಯಂತೆ ಪಡಸಾಲೆಯಲ್ಲಿ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಡಾಕ್ಟರು ಬಂದು ಕೈ ಮುಗಿದಾಗ ಸಾವಕಾರರು ಕೇಳಿದರು: “ಉಳದ ಸೂಜಿ ಈಗ ಎಷ್ಟಕ್ಕ ಬಿಡ್ತೀರಿ?”

ಅಳುತ್ತಿದ್ದ ಹೆಂಗಸರು ಸೆರಗು ಸರಿಸಿ ತಿರುಗಿ ನೋಡಿದರು.

“ಬಿಡೂದಿಲ್ರಿ, ಚೆಲ್ಲತೇವಿ. ಈ ರೋಗ ವರ್ಷಾ ನಮೂನಿ ಬದಲಸ್ತೈತಿ. ಹೊಸಾ ಹಂಗಾಮಿಗೆ ಹೊಸಾ ಮದ್ದು.”

ಸಾವಕಾರರು ಎದ್ದು ಅಂಗಡಿಗೆ ನಡೆದರು. ಹಿಂದೆ ನಾನು. ಅವರನ್ನು ಆ ಅಂಗಡಿಯಲ್ಲಿ ಕಂಡದ್ದು ಅದೇ ಕೊನೆ; ಆಮೇಲೆ ಅವರು ಅದರ ಬಾಗಿಲು ತೆರೆಯಲಿಲ್ಲ. ಅವರ ಕೈ ರೂಢಿಯಂತೆ ಹಳೆ ಮಾಲಿನ ಕಪಾಟಿಗೆ ಹೋಯಿತು, ನಿಂತಿತು, ಇನ್ನೂ ಬಿಚ್ಚದ ಹೊಸ ಗಂಟಿನತ್ತ ತಿರುಗಿತು.

“ಸಾವಕಾರ್ರ, ಅದು ಯುಗಾದಿಗೆ ತಂದದ್ದು,” ಎಂದೆ.

“ಅಲ್ಲೀತನಕಾ ಆಕಿ ಕಾಯಂಗಿಲ್ರಿ,” ಎಂದರು.

ಗಂಟು ಬಿಚ್ಚಿ, ಆಕೆಗೆ ಉಡಿಸಲು ಒಂದು ಸೀರೆ ತೆಗೆದು ಬೆಲೆಚೀಟಿ ಕಿತ್ತರು. ಓದಲಿಲ್ಲ.