ಅರ್ಥಿಂಗಿನ ಗುಂಡಿ ಮತ್ತು ಮೌಶಿ

ಹೋದ ತಿಂಗಳು ಬೀದರಿನ ನಮ್ಮ ಮನೆಯ ಮೇಲೊಂದು ಕೋಣೆ ಕಟ್ಟಿಸಿದೆವು. ವೈರಿಂಗ್ ಮಾಡಲು ಬಂದವನು ಹಿತ್ತಲಿನಲ್ಲಿ ಅರ್ಥಿಂಗಿಗೆಂದು ಗುಂಡಿ ತೋಡಿ, ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ಸುರಿದು ಮೇಲೆ ನೀರು ಹೊಯ್ದ. ಒಣ ಇದ್ದಿಲು ನೀರು ಕುಡಿಯುವಾಗ ಒಂದು ವಾಸನೆ ಏಳುತ್ತದೆ, ಆರಿಸಿದ ಒಲೆಯ ಹತ್ತಿರ ಕೂತಂತೆ. ಚಹಾದ ಕಪ್ಪು ಹಿಡಿದುಕೊಂಡು ನಾನು ಅಲ್ಲೇ ನಿಂತುಬಿಟ್ಟೆ. ಭಾಲ್ಕಿಯ ನಮ್ಮ ಓಣಿ, ಎರಡು ಮನೆಗಳ ನಡುವಿನ ಕಿರಿದಾದ ಸಂದಿ, ಅಲ್ಲಿ ಕುಕ್ಕರುಗಾಲಿನಲ್ಲಿ ಕೂತು ಏನೋ ಗೊಣಗುತ್ತಿದ್ದ ಮೌಶಿ...

ಮೌಶಿ ನಮಗೆ ಸಂಬಂಧವಲ್ಲ, ನೆರೆಮನೆಯವಳು. ನಮ್ಮ ಕಡೆ ಚಿಕ್ಕಮ್ಮನ ವಯಸ್ಸಿನವರಿಗೆ ಹಾಗೆನ್ನುವುದು ರೂಢಿ. ಔರಾದ ತಾಲೂಕಿನ ಠಾಣಾ ಕುಶನೂರಿನಿಂದ ಮದುವೆಯಾಗಿ ಭಾಲ್ಕಿಗೆ ಬಂದವಳು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೂ ಅದೇ ಮನೆಯಲ್ಲಿ ಹೊಲಿಗೆ ಮಶೀನು ಇಟ್ಟುಕೊಂಡು ಹೆಂಗಸರ ಕುಬಸ ಹೊಲಿಯುತ್ತಿದ್ದಳು. ಅವಳಷ್ಟು ಅನುಮಾನದ ಹೆಂಗಸನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಜೋಳದ ಹಿಟ್ಟಿನ ಡಬ್ಬಿ ಮುಚ್ಚುವ ಮೊದಲು ಹಿಟ್ಟಿನ ಮೇಲೆ ಅಂಗೈ ಒತ್ತಿ ಗುರುತು ಮಾಡುತ್ತಿದ್ದಳು. ಸಂತೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಹೋಗಿ ಆ ಗುರುತು ನೋಡುವಳು. ಮನೆಯಲ್ಲಿದ್ದವಳು ಅವಳೊಬ್ಬಳೇ! ಕದಿಯಲು ಇಲಿಯೇ ಬರಬೇಕು.

ಅದು ಬರದ ಕಾಲ. ತೆರೆದ ಬಾವಿ ಬತ್ತಿ, ಬೋರಿನಲ್ಲಿ ಗಾಳಿ ಬರುತ್ತಿತ್ತು. ಟ್ಯಾಂಕರ್ ಬಂದಾಗ ಹಿಡಿದ ನೀರೇ ಎಲ್ಲದಕ್ಕೂ. ಮೌಶಿ ತನ್ನ ನೀರಿನ ಬ್ಯಾರಲ್ಲಿಗೆ ಸರಪಳಿ ಸುತ್ತಿ ಕೀಲಿ ಹಾಕಿದ್ದಳು. ಓಣಿಯ ಜನ ಒಂದೊಂದೇ ಮನೆ ಮುಚ್ಚಿಕೊಂಡು ಹೈದರಾಬಾದಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಹೋಗುವಾಗ ಕೀಲಿಕೈ ಯಾರಿಗೆ ಕೊಡುವುದು? ತನ್ನನ್ನೇ ತಾನು ನಂಬದ ಹೆಂಗಸಿಗಿಂತ ಒಳ್ಳೆಯ ಕಾವಲು ಎಲ್ಲಿ ಸಿಗುತ್ತದೆ? ಮೌಶಿಯ ಗೋಡೆಯ ಮೇಲೆ ಮೊಳೆ ಹೊಡೆದು ಕೀಲಿಕೈ ತೂಗುಹಾಕುವುದು ಓಣಿಯ ಪದ್ಧತಿಯೇ ಆಗಿತ್ತು. ಸಂಜೆ ಅವಳು ಬೀಗ ಹಾಕಿದ ಮನೆಗಳ ಮುಂದೆ ಹೋಗಿ ಪ್ರತಿ ಬೀಗವನ್ನೂ ಎಳೆದು ನೋಡಿ ಬರುತ್ತಿದ್ದಳು. ಆ ಹೊತ್ತು ಅವಳ ನಡಿಗೆಯಲ್ಲಿ ಗೌಡರ ಠೀವಿ ಇರುತ್ತಿತ್ತು.

ನಮ್ಮ ಮನೆಗೂ ಬೀಗ ಬೀಳುವ ದಿನ ದೂರವಿರಲಿಲ್ಲ. ಅಣ್ಣ ಬೀದರಿನ ಕೊಳಾರದಲ್ಲಿ ಒಂದು ಕಾರ್ಖಾನೆಯಲ್ಲಿದ್ದ, ರಜೆಗೆ ಮಾತ್ರ ಮನೆಗೆ ಬರುತ್ತಿದ್ದ. ನೀರಿಲ್ಲವೆಂದು ಅಲ್ಲಿ ಪಾಳಿ ಕಡಿಮೆ ಮಾಡಿದ್ದರು. ತಂಗಿ ನಾನು ಟೈಪಿಂಗ್ ಕಲಿತು ಮನೆಯಲ್ಲಿ ಕೂತಿದ್ದೆ. ಒಂದು ಕಂಪ್ಯೂಟರ್ ಇದ್ದರೆ ಲಗ್ನಪತ್ರಿಕೆ, ಅರ್ಜಿ, ಸಾಲೆಗಳ ಪ್ರಶ್ನೆಪತ್ರಿಕೆ ಎಲ್ಲ ಮನೆಯಲ್ಲೇ ಮಾಡಬಹುದು ಎಂದು ಅಣ್ಣ ಲೆಕ್ಕ ಹಾಕಿದ. ನಡೆದರೆ ಭಾಲ್ಕಿ, ನಡೆಯದಿದ್ದರೆ ಮೂವರೂ ಹೈದರಾಬಾದು ಎಂದು ಅವ್ವನಿಗೆ ಹೇಳಿಬಿಟ್ಟ. ಅಂಗಡಿಯಲ್ಲಿ ಜೋಡಿಸಿದ್ದನ್ನು ಕೊಳ್ಳಲು ಅವನಿಗೆ ನಂಬಿಕೆ ಇರಲಿಲ್ಲ. ಒಳಗೆ ಹಳೆಯ ಸಾಮಾನು ತುರುಕಿ ಕೊಟ್ಟರೆ? ಹಾಗಾಗಿ ಹೈದರಾಬಾದಿಗೆ ಹೋಗಿ ಒಂದೊಂದು ಭಾಗವನ್ನು ಒಂದೊಂದು ಅಂಗಡಿಯಲ್ಲಿ ಕೊಂಡು, ಟವೆಲ್ಲಿನಲ್ಲಿ ಸುತ್ತಿ, ರೈಲಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ತಂದ.

ಮಂಚದ ಮೇಲೆ ಎಲ್ಲ ಹರವಿಕೊಂಡು ಜೋಡಿಸಲು ಕೂತಾಗ ಮೌಶಿ ಹೊಸ್ತಿಲಲ್ಲಿ ಬಂದು ಕೂತಳು.

"ಇದರಾಗ ಹೊಸಾದು ಯಾವ್ದು, ಹಳೀದು ಯಾವ್ದು, ನಿನಗ ಹ್ಯಾಂಗ ತಿಳೀತದೋ ತಮ್ಮಾ?"

"ಎಲ್ಲಾ ಹೊಸಾದೇ ಮೌಶಿ. ಸೀಲ್ ಒಡದು ಕೊಟ್ಟಾರ."

"ಸೀಲ್ ಹಚ್ಚಿದಾವ್ನೂ ಅವನೇ ಅಲಾ?"

ಅಣ್ಣನ ಕೈ ಸ್ಕ್ರೂಡ್ರೈವರಿನ ಮೇಲೆ ಅಲ್ಲೇ ನಿಂತಿತು. ಅವತ್ತಿನಿಂದ ಅವನ ಅನುಮಾನದ ರೋಗ ಇನ್ನೂ ಹೆಚ್ಚಿತು.

ಮೊದಲ ದಿನ ಬಟನ್ ಒತ್ತಿದರೆ ಪರದೆ ಕಪ್ಪು, ಕಂಪ್ಯೂಟರಿನ ಡಬ್ಬಿಯೊಳಗಿಂದ ಕೂಯ್ ಕೂಯ್ ಸದ್ದು. ರ‍್ಯಾಮ್ ಕೊಟ್ಟವನಿಗೆ ಬೈದು, ಅದನ್ನು ಕಿತ್ತು, ಅದರ ಹಲ್ಲುಗಳನ್ನು ನನ್ನ ಪೆನ್ಸಿಲಿನ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಪರದೆ ಬೆಳಗಿತು. ಅವ್ವ ಕುಂಕುಮ ಹಚ್ಚಿದಳು. ಹಚ್ಚಿದವಳೇ ಕೈ ಹಿಂದಕ್ಕೆಳೆದು "ಅಯ್ಯಯ್ಯೋ, ಕರೆಂಟ್ ಹಿಡೀತು!" ಎಂದು ಚೀರಿದಳು. ಡಬ್ಬಿ ಮುಟ್ಟಿದವರಿಗೆಲ್ಲ ಜುಮ್ಮೆನ್ನುತ್ತಿತ್ತು. ಅಷ್ಟೇ ಆಗಿದ್ದರೆ ಮುಟ್ಟದೆ ಇರಬಹುದಿತ್ತು. ಆದರೆ ಕೆಲಸದ ನಡುವೆ ತಾನಾಗಿ ಆರಿ ಹೊತ್ತಿಕೊಳ್ಳುತ್ತಿತ್ತು, ಇಲ್ಲವೇ ಕಲ್ಲಿನಂತೆ ನಿಂತುಬಿಡುತ್ತಿತ್ತು. ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರು ಮುಗಿಸಿ ವರನ ಹೆಸರಿಗೆ ಬರುವಷ್ಟರಲ್ಲಿ ಇಬ್ಬರೂ ಮಾಯ.

ಅರ್ಥಿಂಗ್ ಇಲ್ಲದ್ದೇ ಕಾರಣ ಎಂದು ಅಣ್ಣ ಎರಡು ಮನೆಗಳ ಸಂದಿಯಲ್ಲಿ ಗುಂಡಿ ತೋಡಿದ. ಡಬ್ಬಿಯಲ್ಲಿ ಸೋರಿದ ಕರೆಂಟಿಗೆ ನೆಲಕ್ಕೆ ಇಳಿಯಲು ದಾರಿ ಬೇಕು, ದಾರಿ ಕೊಡದಿದ್ದರೆ ಮುಟ್ಟಿದವರ ಮೈಯಲ್ಲಿ ಇಳಿಯುತ್ತದೆ ಎಂದು ನಮಗೆ ಪಾಠ ಹೇಳಿದ. ಇದ್ದಿಲು, ಉಪ್ಪು ತುಂಬಿ, ಪೈಪಿಗೆ ತಂತಿ ಕಟ್ಟಿ ಒಳಗೆ ಎಳೆದ.

"ಅವ್ವಾ, ಇದಕ್ಕ ದಿನಾ ಒಂದು ಚರಗಿ ನೀರ ಹಾಕು. ನಡುನಡುವ ಒಂದು ಮುಟಗಿ ಉಪ್ಪು."

"ತುಳಸಿಗಿ ಹಾಕ್ಲಾಕ ನೀರಿಲ್ಲ, ನಿನ್ನ ಡಬ್ಬಿಗಿ ಹಾಕ್ಲೇನು?" ಎಂದಳು ಅವ್ವ.

ಅಣ್ಣ ತಾನೇ ಒಂದು ಕೊಡ ಹೊಯ್ದು ಕೊಳಾರಕ್ಕೆ ಹೋದ. ಡಬ್ಬಿ ಸುಮ್ಮನಾಯಿತು. ನೆಲ ಒಣಗಿದಂತೆ ಮತ್ತೆ ಹಿಡಿಯತೊಡಗಿತು. ನೀರಿನ ಮಾತು ನಮ್ಮ ತಲೆಯಿಂದ ಹಾರಿಹೋಗಿತ್ತು. ಅರ್ಥಿಂಗ್ ಆಗಿದೆಯಲ್ಲ, ಇನ್ನು ದೋಷ ಬೇರೆಲ್ಲೋ ಇರಬೇಕು ಎಂದು ಅಣ್ಣ ರಜೆಗೊಮ್ಮೆ ಬಂದು ಒಂದೊಂದೇ ಭಾಗ ಬದಲಿಸಿದ. ಮದರ್‌ಬೋರ್ಡ್ ಕೊಟ್ಟವನು ಕಳ್ಳ, ಪವರ್ ಸಪ್ಲೈ ಕೊಟ್ಟವನು ಮಹಾಕಳ್ಳ. ಹೈದರಾಬಾದಿನ ಇಡೀ ಬಜಾರನ್ನು ಅನುಮಾನಿಸಿದ ಅವನಿಗೆ ತನ್ನ ಕೈಯಾರೆ ತೋಡಿದ ಗುಂಡಿಯೊಂದರ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಕೊನೆಗೊಂದು ದಿನ ಸ್ಕ್ರೂಡ್ರೈವರ್ ಎಸೆದು, "ಸಾಕವ್ವಾ. ಇದನ್ನ ಮಾರಿ ಹೈದರಾಬಾದಿಗಿ ಹೋಗಮಿ," ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ.

ಅದಾದ ಕೆಲವೇ ದಿನಗಳಲ್ಲಿ ಡಬ್ಬಿ ಹಿಡಿಯುವುದು ನಿಂತಿತು. ಆರಿ ಹೊತ್ತುವುದೂ ನಿಂತಿತು. ಕೊನೆಗೆ ಹಾಕಿದ ಪವರ್ ಸಪ್ಲೈಯ ಗುಣ ಎಂದು ಅಣ್ಣ ಎದೆಯುಬ್ಬಿಸಿದ. ನನಗೆ ಕೆಲಸ ಬರತೊಡಗಿತು. ಹೈದರಾಬಾದಿನ ಮಾತು ಯಾರೂ ಎತ್ತಲಿಲ್ಲ.

ಆಗ ಬಂದಳು ಮೂಲೆಮನೆಯ ಕಾಕಿ. ಅವ್ವನನ್ನು ಒಳಗೆ ಕರೆದು, ದನಿ ತಗ್ಗಿಸಿ ಹೇಳಿದಳು.

"ನಸಕನ್ಯಾಗ ನನ್ನ ಕಣ್ಣಾರೆ ನೋಡೀನ್ರಿ ಅಕ್ಕಾ. ನಿಮ್ಮ ಸಂದ್ಯಾಗ ಮೌಶಿ ಕುಂತು ಉಪ್ಪು ಹಾಕಿ ನೀರ ಹೊಯ್ಲಾಕತ್ತಿದ್ಳು. ಬಾಯಾಗ ಏನೋ ಒಟಾ ಒಟಾ ಅಂತಿದ್ಳು. ಆ ಡಬ್ಬಿ ಮಂದೀಗಿ ಯಾಕ ಹಿಡೀತಿತ್ತು, ಈಗರ ತಿಳೀತಿಲ್ಲೋ? ಭಾನಾಮತಿ ಅದ ಇದು."

ನಮ್ಮ ಭಾಗದಲ್ಲಿ ಭಾನಾಮತಿ ಎಂದರೆ ಹುಡುಗಾಟದ ಮಾತಲ್ಲ. ಮಾಟ ಮಾಡಿದಳೆಂಬ ಹೆಸರು ಒಮ್ಮೆ ಹತ್ತಿದರೆ ಆ ಹೆಂಗಸಿಗೆ ಊರಲ್ಲಿ ನೀರೂ ಹುಟ್ಟುವುದಿಲ್ಲ. ಅಲ್ಲಿ ಅಣ್ಣನ ಗುಂಡಿ ಇದೆಯಲ್ಲ ಕಾಕಿ ಎಂದೆ ನಾನು. ಕಾಕಿ ನನ್ನನ್ನು ಎಳೆಗೂಸೆಂಬಂತೆ ನೋಡಿದಳು.

"ಬ್ಯಾರಲ್ಲಿಗಿ ಕೀಲಿ ಹಾಕ್ದಾಕಿ ನಿಮ್ಮ ಗುಂಡೀಗಿ ಪುಕ್ಕಟೆ ನೀರ ಹಾಕ್ತಾಳ?"

ಆ ವರ್ಷ ಜನ ಒಬ್ಬರಿಗೊಬ್ಬರು ಊಟ ಹಾಕುತ್ತಿದ್ದರು, ನೀರು ಕೊಡುತ್ತಿರಲಿಲ್ಲ. ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ ಎಂದಳು ಅವ್ವ.

ಅದೇ ಹೊತ್ತಿಗೆ ಎಳ್ಳಮಾವಾಸ್ಯೆ ಬಂತು. ನಮ್ಮ ಬೀದರ್ ಜಿಲ್ಲೆಯಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಹೊಲದಲ್ಲಿ ಜೋಳದ ನಡುವೆ ಕೂತು ಭಜ್ಜಿ, ಅಂಬಲಿ ಉಣ್ಣುವ ದಿನ. ಹೊಲದಲ್ಲಿ ಜೋಳವೇ ಇರದ ಆ ವರ್ಷ ಎಲ್ಲರೂ ಮನೆಯಲ್ಲೇ ಮಾಡಿದರು. ಸಿಕ್ಕಷ್ಟು ಕಾಳು, ಸಿಕ್ಕಷ್ಟು ಸೊಪ್ಪು ಕೂಡಿಸಿ ಬೇಯಿಸಿ ಮೌಶಿ ಭಜ್ಜಿ ಮಾಡಿ, ಬೋಗುಣಿಯಲ್ಲಿ ನಮಗೂ ತಂದಳು. ಯಾರಿಗೂ ಏನೂ ಕೊಟ್ಟವಳಲ್ಲ ಅವಳು. ಅದೇ ಅವ್ವನಿಗೆ ಇನ್ನಷ್ಟು ಹೆದರಿಕೆ ಹುಟ್ಟಿಸಿತು. "ಇಡ್ರಿ ಅಕ್ಕಾ, ಆಮ್ಯಾಲ ಉಣ್ತೇವಿ," ಎಂದು ನಕ್ಕು ಇಸಿದುಕೊಂಡಳು. ಮೌಶಿ ಹೋದ ಮೇಲೆ ಹಿತ್ತಲಿಗೆ ಹೋಗಿ ಪೂರಾ ಬೋಗುಣಿ ನಾಯಿಗೆ ಸುರಿದಳು.

ತಿರುಗಿದರೆ, ಗಿಡ್ಡ ಗೋಡೆಯ ಆಚೆ ಮೌಶಿ ನಿಂತಿದ್ದಳು. ನಾವು ತಿಂದೆವೋ ಇಲ್ಲವೋ ಎಂದು ನೋಡಲು ನಿಂತಿರಬೇಕು, ಅವಳ ಸ್ವಭಾವವೇ ಅದು. ಬೋಗುಣಿಗಾಗಿ ಕೈ ಚಾಚಿದಳು, ಅವ್ವ ಕೊಟ್ಟಳು.

ಆ ಮುಖ ನನಗೆ ಈಗಲೂ...

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಪ್ರಶ್ನೆಪತ್ರಿಕೆ ಮಾಡಿಸಲು ಬಂದಿದ್ದ ಮಾಸ್ತರರ ಕೈಗೆ ಡಬ್ಬಿ ಜುಮ್ಮೆಂದು ಹಿಡಿಯಿತು. ಮರುದಿನ ಆರಿ ಹೊತ್ತಿತು. ಮಾಟ ಇನ್ನೂ ಜೋರಾಯಿತು ಎಂದು ಅವ್ವ ನಡುಗಿದಳು. ನನಗೆ ಬೇರೆಯೇ ಸಂಶಯ ಬಂತು. ಸಂದಿಗೆ ಹೋಗಿ ನೋಡಿದೆ. ಗುಂಡಿಯ ಮೇಲಿನ ಮಣ್ಣು ಬಿರುಕು ಬಿಟ್ಟಿತ್ತು. ಸುತ್ತ ಉಪ್ಪು ಬಿಳಿಯಾಗಿ ಹೆಪ್ಪುಗಟ್ಟಿತ್ತು, ಅಣ್ಣ ಹಾಕಿದ್ದಕ್ಕಿಂತ ಎಷ್ಟೋ ಹೆಚ್ಚು. ನೆಟ್ಟಗೆ ಮೌಶಿಯ ಮನೆಗೆ ಹೋದೆ. ಅವಳು ಕುಬಸ ಹೊಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಮೌಶಿ, ಗುಂಡೀಗಿ ನೀರ ನೀವು ಹಾಕ್ತಿದ್ರಾ?"

"ನಿಮ್ಮಣ್ಣ ನೀರ ಹಾಕು ಅಂದಿದ್ದು ಕೇಳಿದ್ದೆ. ನಿಮ್ಮವ್ವ ಹಾಕಂಗಿಲ್ಲಂತ ನನಗ ಮೊದಲೇ ಅನುಮಾನ ಇತ್ತು. ಕೈ ಇಟ್ಟು ನೋಡ್ದೆ. ನೆಲ ಒಣಾ ಇತ್ತು."

"ಬಾಯಾಗ ಏನೋ ಅಂತಿದ್ರಂತ?"

"ನಿಮ್ಮವ್ವಗ ಬೈತಿದ್ದೆ."

ನಗು ಬಂತು, ತಡೆದುಕೊಂಡೆ. ನಿಮಗ್ಯಾಕ ಬೇಕಿತ್ತು ಈ ಉಸಾಬರಿ ಎಂದು ಕೇಳಿದೆ. ಅವಳು ಮಶೀನು ನಿಲ್ಲಿಸಿ ಗೋಡೆಯ ಕಡೆ ನೋಡಿದಳು.

"ಹೈದರಾಬಾದಿಗಿ ಹೋಗಮಿ ಅಂತ ನಿಮ್ಮಣ್ಣ ಚೀರಿದ್ನಲಾ. ಇನ್ನೊಂದು ಕೀಲಿಕೈ ಹಾಕ್ಲಾಕ ನನ್ನ ಗ್ವಾಡ್ಯಾಗ ಮೊಳಿ ಇಲ್ಲ, ತಂಗಿ."

"ನಮಗ ಹೇಳಬಾರ್ದಿತ್ತಾ ಮೌಶಿ?"

"ಹೇಳಿದ್ರ ನಂಬ್ತಿದ್ರಿ? ನಿಮ್ಮ ಜಾಗಾದಾಗ ನಾನಿದ್ರ ನಾನೂ ನಂಬ್ತಿದ್ದಿಲ್ಲ."

ನಾನು ಹೇಳಿದ್ದನ್ನು ಕೇಳಿ ಅವ್ವ ಎದ್ದು, ಕುಡಿಯಲು ಇಟ್ಟಿದ್ದ ಕೊಡವನ್ನೇ ಎತ್ತಿಕೊಂಡು ಹೋಗಿ ಮೌಶಿಯ ಹೊಸ್ತಿಲಲ್ಲಿ ಇಟ್ಟಳು. "ತಪ್ಪಾತ್ರಿ ಅಕ್ಕಾ," ಎಂದಳು. ಮೌಶಿ ಕೊಡ ಮುಟ್ಟಲಿಲ್ಲ. "ಒಯ್ದು ಗುಂಡೀಗಿ ಹಾಕ್ರಿ. ಹುಡುಗೀದು ಕೆಲಸ ನಿಂತದ," ಎಂದಷ್ಟೇ ಅಂದಳು.

ಅಣ್ಣ ಬಂದು ಓಣಿಯವರನ್ನು ಕರೆದು, ಗುಂಡಿ, ತಂತಿ, ಡಬ್ಬಿ ಎಲ್ಲ ತೋರಿಸಿ ಹೇಳಿದ. ಎಲ್ಲರೂ ತಲೆ ಆಡಿಸಿದರು. ಮೂಲೆಮನೆಯ ಕಾಕಿಯೂ ಹೌದೇನಪ್ಪಾ ಎಂದಳು. ಆದರೆ ಭಾನಾಮತಿಯ ಸುದ್ದಿ ಆಗಲೇ ಪುಣೆ, ಹೈದರಾಬಾದು ಮುಟ್ಟಿತ್ತು. ಅದರ ಹಿಂದೆ ಅಣ್ಣನ ವಿವರಣೆಯನ್ನು ಯಾರು ಹೊತ್ತುಕೊಂಡು ಹೋಗಬೇಕು? ಒಬ್ಬರಾದ ಮೇಲೆ ಒಬ್ಬರ ನೆಂಟರು ಬಂದು ಕೀಲಿಕೈ ಕೇಳತೊಡಗಿದರು. ಒಬ್ಬರಿಗೆ ಮನೆಯಿಂದ ಹಾಸಿಗೆ ಬೇಕಿತ್ತು, ಇನ್ನೊಬ್ಬರಿಗೆ ಛಾವಣಿ ನೋಡಬೇಕಿತ್ತು. ತಿರುಗಿ ಯಾರೂ ಕೊಡಲಿಲ್ಲ. ಮೌಶಿ ಪ್ರತಿಯೊಬ್ಬರ ಜೊತೆ ಹೋಗಿ ಬಾಗಿಲು ತೆಗೆಸಿ, "ಎಲ್ಲಾ ನೋಡ್ಕೋರಿ. ಆಮ್ಯಾಲ ಏನೂ ಅನಬ್ಯಾಡ್ರಿ," ಎನ್ನುತ್ತಿದ್ದಳು. ಸಂಜೆ ಬೀಗ ಎಳೆದು ನೋಡುವುದನ್ನು ಬಿಟ್ಟಳು. ಗೋಡೆಯ ಮೇಲೆ ಬರೀ ಮೊಳೆಗಳು ಉಳಿದವು.

ಮಳೆಗಾಲಕ್ಕೆ ಮುಂಚೆ ಒಂದು ಟೆಂಪೋ ಬಂತು. ಹೊಲಿಗೆ ಮಶೀನು, ಬ್ಯಾರಲ್ಲು, ಹಿಟ್ಟಿನ ಡಬ್ಬಿ ಏರಿಸಿಕೊಂಡು ಮೌಶಿ ಕುಶನೂರಿಗೆ, ತಮ್ಮನ ಮನೆಗೆ ಹೊರಟಳು. ಕೀಲಿಕೈ ನಮಗೆ ಕೊಟ್ಟು ಹೋಗ್ರಿ, ಮನೆ ನೋಡಿಕೊಳ್ಳುತ್ತೇವೆ ಎಂದು ಅವ್ವ ಕೈ ಚಾಚಿದಳು. ಮೌಶಿ ಅದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಳು. ಆ ವರ್ಷ ಮಳೆ ಚೆನ್ನಾಗಿ ಆಯಿತು. ಓಣಿಯ ಬೀಗಗಳೆಲ್ಲ ತೆರೆದವು, ಅವಳದೊಂದು ಬಿಟ್ಟು. ನಾವು ಭಾಲ್ಕಿ ಬಿಡಬೇಕಾಗಲಿಲ್ಲ. ಆ ಕಂಪ್ಯೂಟರಿನಿಂದ ಬಹಳ ಕಾಲ ನಮ್ಮ ಮನೆಯ ಒಲೆ ಉರಿಯಿತು. ಬೀದರಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಕುಶನೂರಿಗೆ ಹೋಗಿ ಬರಬೇಕೆಂದು ಅವ್ವ ಎಷ್ಟೋ ಸಲ ಅನ್ನುವಳು. ನಾಚಿಕೆಯೋ, ಹೆದರಿಕೆಯೋ, ಹೋಗುವುದು ಮಾತ್ರ ಆಗಲಿಲ್ಲ.

ಹೋದ ತಿಂಗಳು ಬೀದರಿನಲ್ಲಿ ಗುಂಡಿ ತೋಡಿದ ಆ ವಾರವೇ, ಅವ್ವನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಕೇಳುತ್ತಾ ಹೋಗಿ ಅವಳ ತಮ್ಮನ ಮನೆ ಮುಟ್ಟಿದೆವು. ಅವಳ ಸೋದರಳಿಯ ಕುರ್ಚಿ ಹಾಕಿ, ನೀರು ಕೊಟ್ಟು, ಅತ್ತೆ ತೀರಿಕೊಂಡು ಬಹಳ ದಿನವಾಯಿತು ಎಂದ. ನಮಗೊಂದು ಮಾತು ಹೇಳಿ ಕಳಿಸಬಾರದಿತ್ತೇ ಎಂದು ಅವ್ವ ಅಳತೊಡಗಿದಳು. ಯಾವ ಬಾಯಿಂದ ಕೇಳಿದಳೋ! ಹುಡುಗ ಕಂಗಾಲಾದ.

"ಅಳಬ್ಯಾಡ್ರಿ ಅವ್ವಾರೆ. ಅತ್ತಿ ನಿಮ್ಮ ಸುದ್ದಿ ಹೇಳ್ತಿದ್ಳು. ಭಾಲ್ಕ್ಯಾಗ ನಮ್ಮ ಬಾಜೂ ಮನಿಯವರು ಭಾಳ ಒಳ್ಳೆ ಮಂದಿ ಅಂತಿದ್ಳು."

ಅವ್ವ ಕಣ್ಣು ಒರೆಸಿಕೊಂಡಳು. ಮುಖ ಎಷ್ಟೋ ಹಗುರಾಯಿತು. ನಾನು ನಂಬಲಿಲ್ಲ. ಯಾರನ್ನೂ ಒಳ್ಳೆಯವರು ಎಂದ ಹೆಂಗಸಲ್ಲ ಅವಳು, ನಮ್ಮನ್ನಂತೂ ಅನ್ನಲು ಸಾಧ್ಯವೇ ಇಲ್ಲ. ಮುದುಕಿ ಅಳುವುದನ್ನು ನೋಡಲಾರದೆ ಹುಡುಗ ಹೇಳಿದ ಮಾತು ಅದು. ಅಷ್ಟು ಗೊತ್ತಿದ್ದೂ, ಬಸ್ಸು ಹತ್ತಿಸಲು ಬಂದವನನ್ನು ಒಂದು ಬದಿಗೆ ಕರೆದು ಮತ್ತೆ ಕೇಳಿದೆ.

"ಖರೇನ ಹಂಗ ಅಂದಿದ್ಳೇನಪ್ಪಾ?"

"ಹೌದ್ರಿ ಅಕ್ಕೋರೆ, ಖರೆ," ಎಂದ ಅವನು, ನನ್ನ ಮುಖ ನೋಡದೆ.